ಒಂದೇ ಉಸಿರಿನ ವರದಿ

ಊರಿಗೆ ನೀರು ಕಳಿಸುವ ಆ ಕೋಣೆಯಲ್ಲಿ ಗೋಡೆ ಕಾಣಿಸುವುದೇ ಅಪರೂಪ. ಎತ್ತ ನೋಡಿದರೂ ಪರದೆಗಳು. ಒಂದೊಂದು ಪಂಪ್‌ಹೌಸು, ಒಂದೊಂದು ಟ್ಯಾಂಕು, ಒಂದೊಂದು ಮೋಟರು ಅಲ್ಲಿ ಬಂದು ತನ್ನ ಗೋಳು ತೋಡಿಕೊಳ್ಳುತ್ತದೆ. ಒತ್ತಡ ಏರಿದರೆ ಟುಂಯ್ ಎಂದೊಂದು ಸದ್ದು, ಕೆಂಪು ಪಟ್ಟಿ. ಇಳಿದರೂ ಅದೇ ಸದ್ದು, ಅದೇ ಕೆಂಪು. ದೂರದ ಪಂಪ್‌ಹೌಸಿನ ಕಾವಲುಗಾರ ಬೀಡಿಯ ಹೊಗೆ ಬಿಡಲು ಬಾಗಿಲು ತೆರೆದು ಹೊರಬಂದರೆ ಟುಂಯ್. ಬಿಟ್ಟು ಮುಗಿಸಿ ಒಳಗೆ ಹೋದರೆ ಇನ್ನೊಂದು ಟುಂಯ್. ಇದು ಸಾಲದೆ ಫೋನುಗಳು. ಫೋನುಗಳೊಳಗೆ ಗುಂಪುಗಳು: ಪಾಳಿಯವರ ಗುಂಪು, ರಿಪೇರಿಯವರ ಗುಂಪು, ಸಾಹೇಬರಿರುವ ಗುಂಪು, ಸಾಹೇಬರಿಲ್ಲದ ಗುಂಪು, ಸಾಹೇಬರಿಲ್ಲ ಎಂದು ನಾವು ಅಂದುಕೊಂಡಿರುವ ಗುಂಪು.

ಈ ಸಂತೆಯ ನಡುವೆ ಒಬ್ಬ ಹೆಂಗಸು ಕಿಟಕಿಯ ಕಡೆ ಕುರ್ಚಿ ತಿರುಗಿಸಿಕೊಂಡು ಕೂತಿರುತ್ತಿದ್ದರು. ಪಾಳಿಯ ಮುಖ್ಯಸ್ಥೆ. ಎದುರಿಗೆ ಎಲ್ಲರೂ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಕಿವುಡಕ್ಕ. ಕಿವಿ ಕೇಳಿಸುತ್ತಿರಲಿಲ್ಲ ಎಂದಲ್ಲ. ಮೊಗಸಾಲೆಯ ಆ ತುದಿಯಲ್ಲಿ ಯಾರಾದರೂ ಕಿವುಡಕ್ಕ ಎಂದು ಪಿಸುಗುಟ್ಟಿದರೆ ಈ ತುದಿಯಿಂದ "ಏನಪ್ಪಾ, ಕರೆದ್ಯಾ?" ಎನ್ನುವಷ್ಟು ಚುರುಕಾಗಿತ್ತು. ಆದರೆ ಟುಂಯ್ ಎಂದದ್ದಕ್ಕೆಲ್ಲ ತಿರುಗುವ ಪೈಕಿ ಅಲ್ಲ ಅವರು. ಬೆಳಗ್ಗೆ ಬಂದವರೇ ಮುಕ್ಕಾಲು ಪಾಲು ಸದ್ದುಗಳನ್ನು ಬೆರಳಿನಿಂದ ಒತ್ತಿ ಅಡಗಿಸಿಬಿಡುತ್ತಿದ್ದರು, ಅಳುವ ಮಗುವಿನ ಬೆನ್ನು ತಟ್ಟಿದಷ್ಟೇ ಹಗುರಾಗಿ. ಆಮೇಲೆ ಕೋಣೆಯ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ಕುಡಿಯುತ್ತಿದ್ದರು. "ಊರಿಗೆ ಕಳಿಸೋದನ್ನ ನಾನೂ ಕುಡೀಬೇಕಲ್ಲ" ಎನ್ನುವುದು ಅದಕ್ಕೆ ಅವರ ಸಮಜಾಯಿಷಿ. ಕೂದಲಿಗೆ ಬಣ್ಣ ಹಚ್ಚುತ್ತಿದ್ದರು, ತಮ್ಮ ಪಾಳಿಯೇ ಊರಿನ ಅತ್ಯುತ್ತಮ ಪಾಳಿ ಎಂದು ಬಹಿರಂಗವಾಗಿ ಹೇಳಿಕೊಳ್ಳುತ್ತಿದ್ದರು. ವಿನಯ ಅವರ ಹತ್ತಿರ ಸುಳಿದದ್ದನ್ನು ಯಾರೂ ಕಂಡಿಲ್ಲ.

ಸಾಹೇಬರು ಒಮ್ಮೆ ಖುದ್ದಾಗಿ ಬಂದು ಕೇಳಿದರು, "ಗುಂಪಿನಲ್ಲಿ ನೀವು ಒಂದಕ್ಕೂ ಉತ್ತರ ಕೊಡಲ್ವಂತೆ?"

"ಪೈಪ್ ಒಡೆದ್ರೆ ಫೋನ್ ಮಾಡಿ ಸಾರ್, ಮೊದಲನೇ ರಿಂಗಿಗೇ ಎತ್ತುತ್ತೀನಿ. ಶುಭೋದಯಕ್ಕೆಲ್ಲ ಎತ್ತಲ್ಲ."

ಶುಭೋದಯ ಕಳಿಸುತ್ತಿದ್ದವರು ಸಾಹೇಬರೇ. ಹೂವಿನ ಚಿತ್ರ ಸಮೇತ.

ಇಂಥವರ ಕೈಕೆಳಗೆ ಕೆಲಸಕ್ಕೆ ಸೇರಿದ ಹೊಸಬನಿಗೆ ವಾರದೊಳಗೇ ಡಂಗುರ ಎಂದು ಹೆಸರು ಬಿತ್ತು. ಸುಮ್ಮನೆ ಬಿದ್ದದ್ದಲ್ಲ, ಸಂಪಾದಿಸಿದ್ದು. ಅವನಿಗೆ ಒಂದು ಸಂದೇಶ ಓದದೆ ಬಿಟ್ಟರೆ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡ ಹಾಗೆ. ಎಲ್ಲವನ್ನೂ ಓದುವನು, ಓದಿದ್ದನ್ನೆಲ್ಲ ಇನ್ನೊಬ್ಬರಿಗೆ ಹೇಳುವನು, ಕೇಳಿಸಿಕೊಂಡವರು ಮರೆತರೆ ಅವರನ್ನು ಕಂಡು ಮರುಗುವನು. ಸಂದೇಶ ಓದುತ್ತ ಓದುತ್ತ ಕಂಬಕ್ಕೆ ಢಿಕ್ಕಿ ಹೊಡೆದು, ಕಂಬಕ್ಕೇ ಸಾರಿ ಹೇಳಿ ಮುಂದೆ ಹೋದವನು ಅವನು. ಎಲ್ಲ ತಿಳಿದಿರುವುದೇ ಜವಾಬ್ದಾರಿ ಎಂದು ಬಲವಾಗಿ ನಂಬಿದ್ದ. ಅಕ್ಕನನ್ನು ಮೊದಲ ದಿನ ನೋಡಿ, ಇವರಿಗೆ ನಿವೃತ್ತಿಯ ಜಡ್ಡು ಹಿಡಿದಿದೆ ಎಂದು ಮನಸ್ಸಿನಲ್ಲೇ ಷರಾ ಬರೆದುಬಿಟ್ಟ.

ಮನೆಯಲ್ಲೂ ಊಟದ ತಟ್ಟೆಯ ಪಕ್ಕ ಫೋನು. ಒಂದು ದಿನ ಅಮ್ಮ ಇದ್ದಕ್ಕಿದ್ದಂತೆ ತಟ್ಟೆಯ ಮೇಲೆ ಮುಚ್ಚಳ ಮುಚ್ಚಿ, "ಏನ್ ತಿಂದೆ ಹೇಳು ನೋಡೋಣ" ಎಂದರು. ಅರ್ಧ ತಟ್ಟೆ ಖಾಲಿ ಮಾಡಿದ್ದ. ಎಷ್ಟು ತಡಕಾಡಿದರೂ ನೆನಪಾಗಲಿಲ್ಲ.

"ಬಿಸಿ ಇತ್ತು" ಎಂದ.

"ತಣ್ಣಗಿತ್ತು ಕಣೋ" ಎಂದು ಅಮ್ಮ ಮುಚ್ಚಳ ತೆಗೆದರು.

ಪಕ್ಕದಲ್ಲಿ ಕೂತಿದ್ದ ಸೋದರಮಾವ ನಗು ತಡೆಯಲಾರದೆ ಕೆಮ್ಮಿದ. ಅಮ್ಮನ ತಮ್ಮ. ಅಪ್ಪ ಇಲ್ಲದ ಆ ಮನೆಯಲ್ಲಿ ಡಂಗುರನಿಗೆ ಸೈಕಲ್ ಕಲಿಸಿದ್ದು, ಈಜು ಕಲಿಸಿದ್ದು, ಬೇಕಾದಾಗ ಕಿವಿ ಹಿಂಡಿದ್ದು ಎಲ್ಲ ಅವನೇ. ಮಾವನ ಕೆಲಸವೂ ನೀರಿನದೇ: ಊರಿನ ದೊಡ್ಡ ನೀರಿನ ಟ್ಯಾಂಕುಗಳನ್ನು ಬರಿದು ಮಾಡಿಸಿ, ಒಳಗಿಳಿದು, ಪಾಚಿ ಉಜ್ಜುವ ತಂಡದ ಮೇಸ್ತ್ರಿ. "ನೀವು ಮೇಲೆ ಕೂತು ಗುಂಡಿ ಒತ್ತೋರು, ನಾವು ಗುಂಡಿಯೊಳಗೆ ಇಳಿಯೋರು" ಎಂದು ಅಳಿಯನನ್ನು ರೇಗಿಸುತ್ತಿದ್ದ.

ಅಕ್ಕನ ಪಾಳಿಯಲ್ಲಿ ಒಂದು ಕಟ್ಟಳೆ ಇತ್ತು, ಬೇರೆ ಯಾವ ಪಾಳಿಯಲ್ಲೂ ಇಲ್ಲದ್ದು. ಕೆಲಸ ಮುಗಿಸಿ ಹೋಗುವವರು ಫೋನನ್ನು ಮೇಜಿನ ಮೇಲಿಟ್ಟು, ಪರದೆಗಳಿಗೆ ಬೆನ್ನುಮಾಡಿ, ಕಿಟಕಿಯ ಮುಂದೆ ನಿಂತು, ಬರುವವರಿಗೆ ಒಂದೇ ಉಸಿರಿನಲ್ಲಿ ವರದಿ ಒಪ್ಪಿಸಬೇಕು. ಉಸಿರು ಮುಗಿದಲ್ಲಿಗೆ ವರದಿ ಮುಗಿಯಿತು. ಉಳಿದದ್ದು ಕಂಪ್ಯೂಟರಿನಲ್ಲಿ ಬಿದ್ದಿರುತ್ತದೆ, ಬೇಕಾದವರು ನೋಡಿಕೊಳ್ಳಬಹುದು. ಕೇಳಿದವರು "ಇನ್ನು ನನ್ನದು" ಎನ್ನಬೇಕು. ಆ ಮಾತು ಬಾಯಿಂದ ಬರುವವರೆಗೆ ಪಾಳಿ ಬದಲಾದಂತಲ್ಲ.

"ಇದ್ಯಾವ ಹುಚ್ಚು ಮಾವ?" ಎಂದು ಡಂಗುರ ಮನೆಯಲ್ಲಿ ಕೇಳಿದ. "ಮೂವತ್ತು ವಿಷಯ ಇರುತ್ತೆ, ಒಂದುಸಿರಲ್ಲಿ ಹೆಂಗೆ ಹೇಳೋದು?"

ಮಾವ ಗೋಡೆಗೆ ಒರಗಿಕೊಂಡ. ಪಾಳಿಯ ಅಕ್ಕನನ್ನು ಅವರು ಕೆಲಸಕ್ಕೆ ಸೇರಿದ ಕಾಲದಿಂದ ಬಲ್ಲವನು ಅವನು. "ಆಗ ಆ ಕೋಣೇಲಿ ಹೆಂಗಸು ಅಂತ ಇದ್ದದ್ದು ಅವರೊಬ್ಬರೇ. ಉಬ್ಬಸ ಬೇರೆ. ಪಂಪ್‌ಹೌಸಿಂದ ಮೆಟ್ಲು ಹತ್ತಿ ಬರೋಷ್ಟರಲ್ಲಿ ಎದೆ ಸೀಟಿ ಹೊಡೀತಿತ್ತು. ಗಂಡಸರು ಅರ್ಧ ಗಂಟೆ ಪುರಾಣ ಹೇಳೋರು. ಇವರಿಗೆ ಸಿಗ್ತಿದ್ದದ್ದು ಒಂದುಸಿರು. ಮೇಲೆ ಬಂದು, ಕಿಟಕಿ ಹಿಡ್ಕೊಂಡು, ಒಂದು ಮಾತು ಹೇಳಿ ಕೂತುಬಿಡೋರು. ಮೊದಮೊದಲು ನಗೋರು ಎಲ್ಲ. ಸ್ವಲ್ಪ ದಿನ ಆದ್ಮೇಲೆ ನೋಡಿದ್ರೆ, ಪುರಾಣ ಹೇಳಿದೋರ ಮಾತು ಒಂದೂ ಯಾರಿಗೂ ನೆನಪಿಲ್ಲ, ಇವರು ಹೇಳಿದ್ದು ಮಾತ್ರ ಎಲ್ಲರಿಗೂ ನೆನಪಿದೆ."

"ಅಂದ್ರೆ ರೋಗದಿಂದ ಹುಟ್ಟಿದ ಕಾನೂನು."

"ಯಾವುದರಿಂದ ಹುಟ್ಟಿದ್ರೆ ನಿನಗೇನು? ನಿನ್ನ ಉಸಿರು ಚೆನ್ನಾಗಿದೆಯಲ್ಲ, ಹೇಳಿ ಸಾಯಿ."

ಇದನ್ನು ಡಂಗುರ ಬುದ್ಧಿವಾದವೆಂದು ತೆಗೆದುಕೊಂಡ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಒಂದುಸಿರಿಗೆ ತಕ್ಕಷ್ಟು ಮಾತು ಕಡಿಮೆ ಮಾಡುವುದನ್ನು ಬಿಟ್ಟು, ಮಾತಿಗೆ ತಕ್ಕಷ್ಟು ಉಸಿರು ಉದ್ದ ಮಾಡಲು ಹೊರಟ. ಬಸ್ಸಿನಲ್ಲಿ ಒಂದು ನಿಲ್ದಾಣದಿಂದ ಇನ್ನೊಂದರವರೆಗೆ ಉಸಿರು ಬಿಗಿಹಿಡಿದು ಕೂರುವನು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಅವನ ಮುಖದ ಬಣ್ಣ ನೋಡಿ ಕಿಟಕಿ ತೆರೆದುಕೊಟ್ಟರು. ಸ್ನಾನದ ಬಕೆಟ್ಟಿನಲ್ಲಿ ತಲೆ ಮುಳುಗಿಸಿ ಕೂತವನನ್ನು ಕಂಡು ಅಮ್ಮ ಬಾಗಿಲು ಬಡಿದರು. "ಬಿಡಕ್ಕ, ಮೀನಾಗ್ತಾನಂತೆ" ಎಂದ ಮಾವ.

ಫಲ ಸಿಕ್ಕಿತು. ಡಂಗುರನ ವರದಿ ದಿನದಿಂದ ದಿನಕ್ಕೆ ಉದ್ದವಾಯಿತು. ಎದೆ ಉಬ್ಬಿಸಿಕೊಂಡು ಕಿಟಕಿಯ ಮುಂದೆ ನಿಂತು, ಒತ್ತಡ, ಮಟ್ಟ, ಮೋಟರಿನ ಬಿಸಿ, ಬಾಗಿಲು, ದೂರು, ಸುತ್ತೋಲೆ ಎಲ್ಲವನ್ನೂ ರೈಲು ಬಿಟ್ಟ ಹಾಗೆ ಬಿಡುತ್ತಿದ್ದ. ಒಮ್ಮೆ ಸಾಹೇಬರು ನಿಂತು ಕೇಳಿ ಮೆಚ್ಚಿಕೊಂಡರು. ಅಕ್ಕ ಮಾತ್ರ ಅವನನ್ನೇ ನೋಡಿ, "ಚೆನ್ನಾಗಿ ಈಜ್ತೀಯ" ಎಂದರು. ಹೊಗಳಿಕೆಯೋ ಅಲ್ಲವೋ ಎಂದು ಅವನಿಗೆ ಆ ದಿನವಿಡೀ ತಿಳಿಯಲಿಲ್ಲ. ಗುಂಪಿನಲ್ಲಿ ಕೇಳಿದ, ಅಲ್ಲಿಯೂ ಒಮ್ಮತ ಬರಲಿಲ್ಲ.

ಆದರೆ ಅಕ್ಕನ ಬಗ್ಗೆ ಬರೆದ ಷರಾ ಅಷ್ಟರಲ್ಲಾಗಲೇ ಅಳಿಸಿಹೋಗತೊಡಗಿತ್ತು. ಅದಕ್ಕೆ ಒಂದು ಬೆಳಗಿನ ಪಾಳಿ ಕಾರಣ. ಹೊರಗೆ ಇನ್ನೂ ಬೂದು ಬೆಳಕು. ಅಕ್ಕ ಸದ್ದುಗಳನ್ನೆಲ್ಲ ಅಡಗಿಸಿ, ಒಂದು ಪರದೆಯ ಮುಂದೆ ಅವನನ್ನು ಕರೆದು ಕೂರಿಸಿದರು. ಊರಿಗೆ ಹೋಗುವ ದೊಡ್ಡ ಕೊಳವೆಯ ಹರಿವಿನ ಗೆರೆ ಅದು, ಮಲಗಿದ ಹಾಗೆ ನೆಲಮಟ್ಟದಲ್ಲಿತ್ತು.

"ಏನು ನೋಡ್ಬೇಕು ಅಕ್ಕ?"

"ಸುಮ್ನೆ ನೋಡು. ಬೇರೇನೂ ನೋಡ್ಬೇಡ."

ಬೇರೇನೂ ನೋಡದೆ ಇರುವುದು ಅವನಿಗೆ ಉಸಿರು ಕಟ್ಟುವುದಕ್ಕಿಂತ ಕಷ್ಟ. ಕೈ ತಾನಾಗಿ ಜೇಬಿಗೆ ಹೋಯಿತು, ಅಕ್ಕನ ಕಣ್ಣು ಕಂಡು ವಾಪಸ್ಸು ಬಂತು. ಗೆರೆ ಒಂದಿಷ್ಟು ಅಲುಗಿತು. ಮಲಗಿದ್ದ ಪ್ರಾಣಿ ಕಿವಿ ನಿಮಿರಿಸಿದಂತೆ ಒಂದು ತುದಿ ಮೇಲೆದ್ದಿತು. ಆಮೇಲೆ ನಿಧಾನವಾಗಿ, ಯಾರೂ ತಡೆಯಲಾರದ ಹಾಗೆ, ಏರತೊಡಗಿತು.

"ಊರು ಮುಖ ತೊಳೀತಿದೆ" ಎಂದರು ಅಕ್ಕ.

ಡಂಗುರನ ಮೈ ಜುಮ್ಮೆಂದಿತು. ಆ ಒಂದು ಗೆರೆಯೊಳಗೆ ಅವನ ಅಮ್ಮ ಪಾತ್ರೆಗೆ ನೀರು ಹಿಡಿಯುತ್ತಿದ್ದರು, ಆಸ್ಪತ್ರೆಯಲ್ಲಿ ಯಾರೋ ಕೈ ತೊಳೆಯುತ್ತಿದ್ದರು, ಆಗಷ್ಟೇ ಹುಟ್ಟಿದ ಕೂಸನ್ನು ಯಾರೋ ಮೀಯಿಸುತ್ತಿದ್ದರು. ಒಬ್ಬರನ್ನೊಬ್ಬರು ಕಾಣದ ಲಕ್ಷಾಂತರ ಕೈಗಳು ಒಟ್ಟಿಗೆ ನಲ್ಲಿ ತಿರುಗಿಸುತ್ತಿದ್ದವು. ಇಷ್ಟು ದಿನ ಸಾವಿರ ಟುಂಯ್‌ಗಳಲ್ಲಿ ಅವನು ಈ ಊರನ್ನು ಒಮ್ಮೆಯೂ ಕಂಡಿರಲಿಲ್ಲ. ಪಕ್ಕದಲ್ಲಿ ಕೂತಿದ್ದ, ಕೂದಲಿಗೆ ಬಣ್ಣ ಹಚ್ಚಿದ ಈ ಹೆಂಗಸು ವರ್ಷಾನುಗಟ್ಟಲೆ ಪ್ರತಿ ಬೆಳಗ್ಗೆ ಇದನ್ನು ನೋಡುತ್ತ ಬಂದಿದ್ದರು. ಅವರನ್ನು ತಿರುಗಿ ನೋಡಲು ಅವನಿಗೆ ಸ್ವಲ್ಪ ಭಯವೇ ಆಯಿತು.

"ದಿನಾ ಹಿಂಗೇ ಇರುತ್ತಾ?"

"ರಜಾ ದಿನ ತಡವಾಗಿ ಏಳುತ್ತೆ. ಸೋಮಾರಿ ಮುಂಡೇದು" ಎಂದರು ಅಕ್ಕ, ಸ್ವಂತ ಮಗುವನ್ನು ಬೈದಂತೆ.

ಭಯಭಕ್ತಿ ಹುಟ್ಟಿತೇನೋ ನಿಜ, ಬುದ್ಧಿ ಬರಲಿಲ್ಲ. ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿ, ಮಾರನೆಯ ದಿನದಿಂದ ಮತ್ತೆ ಅದೇ ಓದು, ಅದೇ ರೈಲು.

ಆ ವಾರ ಬೆಟ್ಟದ ಬುಡದ ದೊಡ್ಡ ಟ್ಯಾಂಕನ್ನು ತೊಳೆಯುವ ಕೆಲಸ ಬಂತು. ಅರ್ಧ ನೆಲದೊಳಗೆ ಹೂತಿರುವ, ಮೇಲೆ ಚಪ್ಪಡಿ ಮುಚ್ಚಿದ ಟ್ಯಾಂಕು. ನಡುಗೋಡೆಯಿಂದ ಎಡಕೋಣೆ, ಬಲಕೋಣೆ ಎಂದು ಎರಡು ಭಾಗ. ಬಲಕೋಣೆಯಿಂದ ಊರಿಗೆ ನೀರು ಹೋಗುತ್ತಿರುತ್ತದೆ. ಎಡಕೋಣೆಯನ್ನು ಬರಿದು ಮಾಡಿ, ಮಾವ ತನ್ನ ಮೂವರು ಜನರ ಜೊತೆ ಒಳಗೆ ಇಳಿದಿದ್ದ. ಎಡಕೋಣೆಗೆ ನೀರು ಬಿಡುವ ವಾಲ್ವನ್ನು ಡಂಗುರ ಕೂರುವ ಕೋಣೆಯ ಪರದೆಯಿಂದಲೇ ತೆರೆಯಬಹುದು. ಹಾಗಾಗಬಾರದೆಂದು ಅದರ ಕರೆಂಟು ತೆಗೆದು, ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಹಾಕಿರುತ್ತಾರೆ. ಆ ಕೊಳವೆಯ ಬಾಯಲ್ಲಿ ಒಬ್ಬ ಮನುಷ್ಯ ಬಗ್ಗದೆ ನಡೆಯಬಹುದು. ತೆರೆದುಕೊಂಡರೆ ಒಳಗಿದ್ದವರಿಗೆ ಏಣಿ ಹತ್ತಲು ಪುರುಸೊತ್ತು ಸಿಗುವುದಿಲ್ಲ.

ಮಧ್ಯಾಹ್ನ ಎಲೆಕ್ಟ್ರಿಷಿಯನ್ ಫೋನ್ ಮಾಡಿದ. "ವಾಲ್ವಿನ ಮೋಟರ್ ಪರೀಕ್ಷೆ ಮಾಡ್ತಿದೀನಿ. ಸರಪಳಿ ತೆಗೆದಿದೀನಿ, ಕರೆಂಟ್ ಕೊಟ್ಟಿದೀನಿ. ಒಂದು ಸಾಮಾನು ಬೇಕು, ತಂದುಬಿಡ್ತೀನಿ. ಅಲ್ಲೀವರೆಗೆ ಅದನ್ನ ಮುಟ್ಬೇಡಿ, ಒಳಗೆ ಜನ ಇದಾರೆ."

"ಗೊತ್ತು, ಗೊತ್ತು. ನಮ್ಮ ಮಾವಾನೇ ಇರೋದು" ಎಂದ ಡಂಗುರ. ಹೇಳುತ್ತಿರುವಾಗಲೇ ಇನ್ನೊಂದು ಫೋನು ಬಡಿದುಕೊಂಡಿತು. ಅದನ್ನೆತ್ತಿದ. ಪೂರ್ವದ ಬಡಾವಣೆಯಲ್ಲಿ ನೀರು ಕೆಂಪಗೆ ಬರುತ್ತಿದೆಯಂತೆ. ಅಷ್ಟರಲ್ಲಿ ಸಾಹೇಬರ ಸುತ್ತೋಲೆ. ಸುತ್ತೋಲೆಗೆ ಗುಂಪಿನಲ್ಲಿ ಎಲ್ಲರೂ ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದರು, ತಾನೂ ಒತ್ತಿದ.

ಆ ದಿನ ಡಂಗುರನನ್ನು ಮೊದಲ ಪಾಳಿಗೆ ಹಾಕಿ, ಅಕ್ಕ ಎರಡನೇ ಪಾಳಿಗೆ ಬಂದರು. ಮುಖ ತೊಳೆದು, ನೀರು ಕುಡಿದು, ಕಿಟಕಿಯ ಹತ್ತಿರ ನಿಂತರು. ಡಂಗುರ ಫೋನು ಕೆಳಗಿಟ್ಟು, ಎದೆ ತುಂಬ ಗಾಳಿ ಎಳೆದುಕೊಂಡು ಶುರುಮಾಡಿದ. ಪಶ್ಚಿಮದ ಒತ್ತಡ ಇಳಿದು ಏರಿದ್ದು, ಎರಡನೇ ಮೋಟರು ಬಿಸಿಯಾದದ್ದು, ಕಾವಲುಗಾರನ ಬಾಗಿಲು, ಎಡಕೋಣೆ ವಾಲ್ವಿಗೆ ಪರೀಕ್ಷೆಗಾಗಿ ಕರೆಂಟ್ ಕೊಟ್ಟದ್ದು ಒಳಗೆ ಜನ ಇರುವುದು, ಪೂರ್ವದ ಕೆಂಪು ನೀರು, ಸುತ್ತೋಲೆ, ಹೊಸ ಕುರ್ಚಿಗಳು ಬರುವ ಸಂಗತಿ, ಕ್ಲೋರಿನ್ ಲಾರಿ ನಾಳೆ. ಎಲ್ಲ ಬಂತು. ಒಂದೂ ಬಿಡಲಿಲ್ಲ. ಕೊನೆಗೆ ಸ್ವಲ್ಪ ಉಸಿರು ಮಿಕ್ಕಿತು ಕೂಡ. ಜೀವಮಾನದ ವರದಿ ಎಂದುಕೊಂಡ.

ಅಕ್ಕ ಕಿಟಕಿಯಾಚೆ ನೋಡುತ್ತ ನಿಂತಿದ್ದರು.

"ಅಕ್ಕ, ಇನ್ನು ನನ್ನದು ಅನ್ನಿ. ನಾನು ಹೊರಡಬೇಕು."

"ತಗೊಳ್ಳಲ್ಲ."

"ಯಾಕೆ?"

"ನನಗೇನೂ ಉಳೀಲಿಲ್ಲ" ಎಂದರು ಅಕ್ಕ. ಅಷ್ಟು ಹಮ್ಮಿನ ಹೆಂಗಸು, ನನ್ನ ತಲೆಗೆ ಹತ್ತಲಿಲ್ಲ ಎನ್ನುವುದನ್ನು ಬಸ್ಸು ಬಂತು ಎಂದಷ್ಟೇ ಸಲೀಸಾಗಿ ಹೇಳಿದರು. "ಯಾವುದಕ್ಕೆ ಹೆದರಬೇಕು ಅಂತ ಗೊತ್ತಾಗದೆ ನಾನು ಪಾಳಿ ತಗೊಳ್ಳೋಳಲ್ಲ."

ಡಂಗುರನಿಗೆ ಅವಮಾನವಾಯಿತು. ಇಷ್ಟು ಹೇಳಿದ ಮೇಲೂ ಉಳಿಯಲಿಲ್ಲವೆಂದರೆ ಅದು ಯಾರ ತಪ್ಪು? ಮುಖ ಗಂಟುಹಾಕಿಕೊಂಡು ತಿರುಗಿ ಕುರ್ಚಿಗೆ ಹೋಗಿ ಕೂತ. ಅವನು ವರದಿ ಒಪ್ಪಿಸುವಷ್ಟರಲ್ಲಿ ಪರದೆಯ ಮೇಲೆ ಕೆಂಪು ಪಟ್ಟಿಗಳು ಗುಡ್ಡೆ ಬಿದ್ದಿದ್ದವು. ಸಿಟ್ಟಿಗೆ ಕೈಗೊಂದು ಕೆಲಸ ಬೇಕಿತ್ತು. ಒಂದೊಂದಕ್ಕೂ ಸರಿ ಎಂದು ಒತ್ತತೊಡಗಿದ. ಬಾಗಿಲು ತೆರೆದಿದೆ, ಸರಿ. ಬಾಗಿಲು ಮುಚ್ಚಿದೆ, ಸರಿ. ಸಂಪರ್ಕ ಇಲ್ಲ, ಸರಿ. ಸಂಪರ್ಕ ಬಂತು, ಸರಿ.

"ಕೈ ತೆಗಿ" ಎಂದರು ಅಕ್ಕ, ಬೆನ್ನು ತಿರುಗಿಸಿ ನಿಂತಲ್ಲಿಂದಲೇ. "ವರದಿ ಮುಗಿದಿಲ್ಲ. ಇಲ್ಲಿ ಬಾ."

"ಇದಿಷ್ಟು ಒತ್ತಿ ಬರ್ತೀನಿ."

"ಬಾ ಅಂದೆ."

ಎದ್ದು ಬಂದ. ಕಿಟಕಿಯ ಮುಂದೆ ನಿಂತು ಮತ್ತೆ ಎದೆ ತುಂಬ ಗಾಳಿ ಎಳೆದುಕೊಂಡ. ಅಕ್ಕ ಅವನ ಎದೆಯ ಮೇಲೆ ಅಂಗೈ ಇಟ್ಟರು.

"ಹಂಗಲ್ಲ. ಮೊದಲು ಉಸಿರೆಲ್ಲ ಹೊರಗೆ ಬಿಡು."

"ಬಿಟ್ರೆ ಮಾತಾಡೋದು ಹೆಂಗೆ?"

"ಉಳಿದಿದ್ದರಲ್ಲಿ ಮಾತಾಡು."

ಬಿಟ್ಟ. ಇನ್ನೂ ಬಿಡು ಎಂದರು. ಬಿಟ್ಟ. ಹೊಟ್ಟೆ ಬೆನ್ನಿಗೆ ಹತ್ತುವವರೆಗೆ, ಬಕೆಟ್ಟಿನಲ್ಲಿ ಬಸ್ಸಿನಲ್ಲಿ ಕೂಡಿಟ್ಟದ್ದೆಲ್ಲ ಖಾಲಿಯಾಗುವವರೆಗೆ ಬಿಟ್ಟ. ಕಣ್ಣು ಮಂಜಾಯಿತು. ಗಂಟಲಲ್ಲಿ ಒಂದು ಚಮಚೆಯಷ್ಟು ಗಾಳಿ ಉಳಿದಿತ್ತೇನೋ. ಅದರಲ್ಲಿ ಸುತ್ತೋಲೆ ಬರಲಿಲ್ಲ, ಕುರ್ಚಿ ಬರಲಿಲ್ಲ, ಕೆಂಪು ನೀರು ಬರಲಿಲ್ಲ. ಅವನು ಆರಿಸಿಕೊಂಡದ್ದಲ್ಲ; ಅದು ತಾನಾಗಿ, ಕೀರಲು ದನಿಯಲ್ಲಿ ಹೊರಬಿತ್ತು.

"ಮಾವ ಟ್ಯಾಂಕಿನೊಳಗಿದಾನೆ."

ಹೇಳಿದ ಮೇಲೆ ಕೇಳಿಸಿಕೊಂಡ. ಆ ಕೋಣೆಯಲ್ಲಿ ಆ ಮಾತನ್ನು ಮೊದಲ ಸಲ ಕೇಳಿಸಿಕೊಂಡವನು ಅವನೇ. ತಿರುಗಿ ಪರದೆ ನೋಡಿದ. ಸರಿ, ಸರಿ ಎಂದು ಒತ್ತುತ್ತ ಬಂದಿದ್ದ ಸಾಲಿನಲ್ಲಿ, ಅವನ ಬೆರಳು ನಿಂತಿದ್ದ ಜಾಗದಲ್ಲಿ, ಮುಂದಿನ ಪಟ್ಟಿ ತಣ್ಣಗೆ ಕಾಯುತ್ತಿತ್ತು: ಬಲಕೋಣೆಯ ಮಟ್ಟ ಇಳಿಯುತ್ತಿದೆ, ಎಡಕೋಣೆಯ ವಾಲ್ವ್ ತೆರೆಯಲೇ? ಅದೇ ಕೆಂಪು. ಕೆಳಗೆ ಅದೇ ಸರಿ.

ಅವನು ಕಿಟಕಿಯ ಕಂಬಿ ಹಿಡಿದುಕೊಂಡ.

"ಇನ್ನು ನನ್ನದು" ಎಂದರು ಅಕ್ಕ.

ಹೋಗಿ ಕೂತರು. ಬೇಡ ಎಂದು ಒತ್ತಿದರು. ಒಂದು ಫೋನೆತ್ತಿ ಎಲೆಕ್ಟ್ರಿಷಿಯನ್ನನ್ನು ಹಿಡಿದರು. "ಎಲ್ಲಿದೀಯಪ್ಪ? ಸಾಮಾನು ಆಮೇಲೆ. ಮೊದಲು ಹೋಗಿ ಕರೆಂಟ್ ತೆಗೆದು ಸರಪಳಿ ಹಾಕು. ಹಾಕಿದ್ದೀನಿ ಅಂತ ಅಲ್ಲಿಂದ್ಲೇ ಹೇಳು, ನಾನು ಫೋನ್ ಇಡಲ್ಲ." ದನಿ ಏರಲಿಲ್ಲ. ಸುತ್ತ ಟುಂಯ್ ಟುಂಯ್ ಎನ್ನುತ್ತಲೇ ಇತ್ತು. ಆ ಫೋನನ್ನು ಕಿವಿಗೆ ಒತ್ತಿಕೊಂಡು, ಇಡೀ ಜಗತ್ತಿನಲ್ಲಿ ಅದೊಂದೇ ಕೊಳವೆ ಇದೆಯೇನೋ ಎಂಬಂತೆ ಕೂತಿದ್ದರು. ಸರಪಳಿ ಬಿದ್ದ ಮಾತು ಆ ಕಡೆಯಿಂದ ಬಂದ ಮೇಲೆಯೇ ಬೆನ್ನು ಕುರ್ಚಿಗೆ ತಾಗಿದ್ದು.

"ನಿಮಗೆ ಗೊತ್ತಿತ್ತಾ ಅಕ್ಕ?" ಡಂಗುರ ಕೇಳಿದ. "ಆ ಪಟ್ಟಿ ಬಂದಿದ್ದು ನೋಡಿದ್ರಾ?"

"ಇಲ್ಲ."

"ನಾನು ಹೇಳ್ವಾಗ ವಾಲ್ವ್ ಅಂದಿದ್ದು ಕೇಳಿಸ್ತಾ?"

"ಕೇಳಿಸಿತ್ತು, ಕುರ್ಚಿ ಜೊತೆಗೆ."

"ಮತ್ತೆ ಹೆಂಗೆ?"

ಅಕ್ಕ ಅವನನ್ನು ನೋಡಿದರು. "ಗೊತ್ತಾಗ್ಲಿಲ್ಲ ಅಂದೆ, ಅಷ್ಟೇ ಕಣೋ. ಇಷ್ಟು ವರ್ಷದಲ್ಲಿ ನಾನು ಮಾಡಿರೋ ಕೆಲಸ ಅದೊಂದೇ." ಆಮೇಲೆ ಪರದೆಗೆ ತಿರುಗಿ, "ಹೋಗು. ನಿನ್ನ ಪಾಳಿ ಮುಗೀತು" ಎಂದರು.

ಮೇಜಿನ ಮೇಲಿದ್ದ ಫೋನನ್ನು ಅಲ್ಲೇ ಮರೆತು ಡಂಗುರ ಮೆಟ್ಟಿಲಿಳಿದ. ಬೆಟ್ಟದ ಬುಡದವರೆಗೆ ನಡೆದನೋ ಓಡಿದನೋ ತಿಳಿಯದು. ಟ್ಯಾಂಕಿನ ಚಪ್ಪಡಿ ಹತ್ತಿ, ತೆರೆದಿದ್ದ ಬಾಯಿಯ ಅಂಚಿನಲ್ಲಿ ಮಂಡಿಯೂರಿ ಬಗ್ಗಿದ.

ಒಳಗೆ ಎಷ್ಟು ದೊಡ್ಡದಿತ್ತು. ಪರದೆಯ ಮೇಲೆ ಬೆರಳಗಲದ ನೀಲಿ ಚೌಕವಾಗಿ ಕಂಡಿದ್ದ ಎಡಕೋಣೆ, ಇಲ್ಲಿ ಕಂಬದ ಹಿಂದೆ ಕಂಬ, ಕಂಬದ ಹಿಂದೆ ಕಂಬವಾಗಿ, ಬೆಳಕು ಸೋತು ಕತ್ತಲಾಗುವವರೆಗೆ ಹರಡಿತ್ತು. ಊರಿನ ಬಾಯಾರಿಕೆಯ ಅಳತೆ ಅದು. ಆ ತಳದಲ್ಲಿ ಇರುವೆಯಷ್ಟು ಸಣ್ಣದಾಗಿ ನಾಲ್ಕು ಜನ, ಉದ್ದನೆಯ ಬ್ರಷ್ಷುಗಳಿಂದ ನೆಲ ಉಜ್ಜುತ್ತಿದ್ದರು. ಯಾರೋ ಏನೋ ಅಂದರು, ಉಳಿದವರು ನಕ್ಕರು. ನಗು ಕಂಬಕಂಬಕ್ಕೂ ತಾಗಿ ದೊಡ್ಡದಾಗಿ ಮೇಲೆ ಬಂತು. ಮೂಲೆಯಲ್ಲಿ ಕೊಳವೆಯ ಬಾಯಿ ಕಪ್ಪಗೆ ತೆರೆದುಕೊಂಡಿತ್ತು. ಅದರ ಅಂಚಿಗೆ ಮಾವ ತನ್ನ ಅಂಗಿ ನೇತುಹಾಕಿದ್ದ.

ಡಂಗುರ ಬಾಯಿ ತೆರೆದ. ಹೇಳಬೇಕಾದದ್ದು ಬೆಟ್ಟದಷ್ಟಿತ್ತು.

ಕೆಳಗೆ ಮಾವ ಬ್ರಷ್ಷು ನಿಲ್ಲಿಸಿ, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದ. "ಯಾರೋ ಅದು? ಬೆಳಕಿಗೆ ಅಡ್ಡ ಕೂತಿದೀಯ, ಸರಿ ಆ ಕಡೆ."

ಡಂಗುರ ಸರಿದು ಕೂತ. ಬೆಳಕು ಒಂದು ಚಾಪೆಯಷ್ಟಗಲ ಇಳಿದು, ಒದ್ದೆ ನೆಲದ ಮೇಲೆ, ಮಾವನ ಕಾಲ ಬಳಿ ಬಿತ್ತು. ಮಾವ ಅದರೊಳಗೆ ಬ್ರಷ್ಷು ಇಟ್ಟು ಮತ್ತೆ ಉಜ್ಜತೊಡಗಿದ.